ಒಂದೇ ಅಳಿವೆ, ಬೆಳಿಗ್ಗೆ 63 ಹಕ್ಕಿ, ಮಧ್ಯಾಹ್ನ 410. ಯಾರ ಲೆಕ್ಕ ತಪ್ಪು?

ಏಡಿಗುಂಡಿ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಬರೆಯುವುದು ಇದೇ ಮೊದಲು. ಕಾಲೇಜಿನ ಪ್ರಾಜೆಕ್ಟ್‌ಗೆ ಒಂದು ಅಳಿವೆ ಹಿಡಿದಿದ್ದೇವೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ನನ್ನ ಪಾಲು, ನೀರಹಕ್ಕಿಗಳು ಗೆಳೆಯನ ಪಾಲು. ಶನಿವಾರ ಅವನಿಗೆ ಮೈ ಸರಿ ಇರಲಿಲ್ಲ. ಬೆಳಿಗ್ಗೆ 7ಕ್ಕೆ ನಾನೇ ದಿಬ್ಬದ ಮೇಲೆ ನಿಂತು ಎಣಿಸಿದೆ, 63 ಸಿಕ್ಕವು. ಅವನು ಹೇಗೋ ಎದ್ದು 11.30ಕ್ಕೆ ಬಂದು ಅದೇ ದಿಬ್ಬದಿಂದ ಎಣಿಸಿದ, 410! ನನಗೆ ಹಕ್ಕಿ ಕಾಣುವುದೇ ಇಲ್ಲ ಎಂದು ಅವನು, ಅವನು ಒಂದೇ ಹಕ್ಕಿಯನ್ನು ಮೂರು ಸಲ ಎಣಿಸಿದ್ದಾನೆ ಎಂದು ನಾನು. ಮೇಷ್ಟ್ರನ್ನು ಕೇಳಿದರೆ "ಸರಾಸರಿ ತೆಗೆದು ಬರೆದುಬಿಡಿ" ಎಂದರು. 236.5 ಬರುತ್ತದೆ. ಹಾಗೆ ಬರೆಯಬಹುದಾ?

ನಿಧಾನಸ್ಥ
ಆ ಅರ್ಧ ಹಕ್ಕಿ ಯಾವ ಜಾತಿಯದು ಅಂತ ಮೊದಲು ಹೇಳಿ 😄

ಟೆಲಿಸ್ಕೋಪ್ ಮಾಮ
ಉಬ್ಬರ ಎಷ್ಟು ಗಂಟೆಗಿತ್ತು?

ಏಡಿಗುಂಡಿ
ಬರೆದುಕೊಂಡಿಲ್ಲ ಸಾರ್. 7ಕ್ಕೆ ಎಲ್ಲ ಕಡೆ ಕೆಸರು ಕಾಣುತ್ತಿತ್ತು. ಅವನು ಬಂದಾಗ ನೀರು ಗಿಡಗಳ ಬುಡದವರೆಗೆ ಬಂದಿತ್ತಂತೆ.

ಟೆಲಿಸ್ಕೋಪ್ ಮಾಮ
ಹಾಗಾದರೆ ಇಬ್ಬರದೂ ಸರಿ. ಮೇಷ್ಟ್ರ ಸರಾಸರಿ ಮಾತ್ರ ತಪ್ಪು.

ಇಳಿತದಲ್ಲಿ ಕೆಸರು ಬಯಲು ಕಿಲೋಮೀಟರ್‌ಗಟ್ಟಲೆ ತೆರೆದುಕೊಳ್ಳುತ್ತದೆ. ಹಕ್ಕಿಗಳು ಅಷ್ಟಗಲಕ್ಕೂ ಚದುರಿ ಮೇಯುತ್ತಿರುತ್ತವೆ. ನಿಮ್ಮ ದಿಬ್ಬದಿಂದ ಕಂಡದ್ದು ಹತ್ತಿರದ ಒಂದು ತುಂಡು, ಅಷ್ಟೇ. ಜೊತೆಗೆ ಪ್ಲವರ್ ಜಾತಿಯವು ಕೆಸರಿನದೇ ಬಣ್ಣ. ಅಲುಗಾಡದೆ ನಿಂತರೆ ಮಣ್ಣುಹೆಂಟೆ ಅಂದುಕೊಂಡು ಮುಂದಕ್ಕೆ ಹೋಗಿಬಿಡುತ್ತೇವೆ. ನೀರು ಏರುತ್ತಾ ಬಂದ ಹಾಗೆ ಅವಕ್ಕೆ ನಿಲ್ಲಲು ಜಾಗ ಕಡಿಮೆಯಾಗುತ್ತದೆ. ಕೊನೆಗೆ ಯಾವುದೋ ಒಂದು ಮರಳು ದಿಣ್ಣೆಯ ಮೇಲೆ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ನಿಮ್ಮ ಗೆಳೆಯನಿಗೆ ಸಿಕ್ಕಿದ್ದು ಆ ಗುಂಪು. ಅವನೇನೂ ಹುಷಾರಿ ಅಲ್ಲ, ಗಂಟೆ ಕೂಡಿಬಂತು.

ಎಣಿಕೆ ಹಾಳೆಯ ಮೇಲೆ ಮೊದಲ ಸಾಲಿನಲ್ಲೇ ಉಬ್ಬರದ ಹೊತ್ತು, ನೀರಿನ ಮಟ್ಟ, ಅಂದಿನ ತಿಥಿ ಬರೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಅಷ್ಟಮಿ ಹೊತ್ತಿಗೆ ಸಣ್ಣದು. ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. "ಪ್ರತಿ ಶನಿವಾರ ಬೆಳಿಗ್ಗೆ 7" ಎಂದು ಟೈಮ್‌ಟೇಬಲ್ ಹಾಕಿಕೊಂಡರೆ ಒಂದು ವಾರ ಉಬ್ಬರ, ಇನ್ನೊಂದು ವಾರ ಇಳಿತ ಎಣಿಸಿಕೊಂಡು ಕೂರುತ್ತೀರಿ.

ಗುಳುಮುಳುಕ
ಮಾಮ ಹೇಳಿದ್ದಕ್ಕೆ ಒಂದು ಸಣ್ಣ ತಿದ್ದುಪಡಿ. ದಿನಕ್ಕೆ ಎರಡು ಉಬ್ಬರ ಎನ್ನುವುದು ಎಲ್ಲ ಕರಾವಳಿಗೂ ಅನ್ವಯಿಸುವುದಿಲ್ಲ. ಮೆಕ್ಸಿಕೋ ಕೊಲ್ಲಿಯ ಬಹುಭಾಗದಲ್ಲಿ ದಿನಕ್ಕೆ ಒಂದೇ.

ಟೆಲಿಸ್ಕೋಪ್ ಮಾಮ
ದಿನಕ್ಕೆ ಎರಡು ಎಂದು ನಾನು ಎಲ್ಲಿ ಬರೆದೆ ಸ್ವಾಮಿ?

ಗುಳುಮುಳುಕ
ಬರೆದಿಲ್ಲ. ಬರೆಯುವ ಮೊದಲೇ ತಿದ್ದಿದೆ.

ಬೆಳ್ಳಕ್ಕಿ_ಬಿಡಿ
ಮಾಮನ ಮಾತು ಅರ್ಧ ಸರಿ. ಉಬ್ಬರದ ಎಣಿಕೆ "ಈ ಅಳಿವೆಯಲ್ಲಿ ಒಟ್ಟು ಎಷ್ಟು ಹಕ್ಕಿ ಇವೆ" ಎನ್ನುವುದಕ್ಕೆ ಉತ್ತರ. ಅವು ಎಲ್ಲಿ ಉಣ್ಣುತ್ತವೆ ಎನ್ನುವುದಕ್ಕೆ ಅಲ್ಲ. ಹೊಟ್ಟೆಪಾಡು ನಡೆಯುವುದು ಇಳಿತದಲ್ಲಿ. ಅದಕ್ಕೆ ಕೆಸರು ಬಯಲನ್ನು ಗುರುತು ಹಾಕಿ ತುಂಡು ಮಾಡಿಕೊಂಡು, ಒಂದೊಂದು ತುಂಡಿನಲ್ಲಿ ಯಾವ ಜಾತಿ ಎಷ್ಟು, ಅದರಲ್ಲಿ ಮೇಯುವವು ಎಷ್ಟು ಎಂದು ಬೇರೆಯಾಗಿ ಬರೆಯಬೇಕು. ಎರಡೂ ಎಣಿಕೆ ಮಾಡಿ, ಎರಡಕ್ಕೂ ಬೇರೆ ಹಾಳೆ ಇಡಿ. ಏಡಿಗುಂಡಿಯವರೇ, ನಿಮ್ಮ 63 ಬಿಸಾಡಬೇಡಿ. ಅದರಲ್ಲಿ ಯಾವ್ಯಾವ ಜಾತಿ ಇದ್ದವು?

ಏಡಿಗುಂಡಿ
ಬೆಳ್ಳಕ್ಕಿ 11, ಬೂದು ಬಕ 2, ರೆಡ್‌ಶ್ಯಾಂಕ್ 9, ಸ್ಯಾಂಡ್ ಪ್ಲವರ್ 38. ಕೊಕ್ಕು ಬಾಗಿದ ದೊಡ್ಡದು 3, ಕರ್ಲ್ಯೂ ಎಂದು ಬರೆದಿದ್ದೇನೆ. ಗೆಳೆಯನಿಗೆ ಅವೇ ಆಮೇಲೆ ಮರದ ಮೇಲೆ ಕೂತದ್ದು ಕಂಡಿತಂತೆ. ಕರ್ಲ್ಯೂ ಮರ ಹತ್ತುತ್ತದಾ ಎಂದು ನಾನು ನಕ್ಕೆ.

ನಿಧಾನಸ್ಥ
ಜ್ವರದ ತಾಪ ಇರಬೇಕು ಪಾಪ.

ಹಾವಕ್ಕಿ
ನಗಬೇಡಿ, ಗೆಳೆಯನಿಗೆ ಕಂಡದ್ದು ಸರಿಯಾಗೇ ಇದೆ. ಅದು ವಿಂಬ್ರೆಲ್ ಆಗಿರಬಹುದು. ಕರ್ಲ್ಯೂಗಿಂತ ಚಿಕ್ಕದು, ಕೊಕ್ಕು ಗಿಡ್ಡ, ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟಿ, ನಡುವೆ ಬಿಳಿ ಗೆರೆ. ಉಬ್ಬರದಲ್ಲಿ ಕಾಂಡ್ಲಾ ಕೊಂಬೆಗಳ ಮೇಲೆ ಆರಾಮಾಗಿ ಕೂರುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್ ಕೂಡ ಹಾಗೇ. ಕೆಸರಿನ ಹಕ್ಕಿ ಮರ ಹತ್ತುವುದಿಲ್ಲ ಎಂದುಕೊಂಡು ಟೆಲಿಸ್ಕೋಪನ್ನು ಬರೀ ದಿಣ್ಣೆ ಕಡೆಗೇ ತಿರುಗಿಸಿಟ್ಟರೆ ಇವೆಲ್ಲ ಎಣಿಕೆಗೆ ಸಿಗುವುದೇ ಇಲ್ಲ. ನನ್ನ ಮೊದಲ ವರ್ಷದ ಹಾಳೆಗಳಲ್ಲಿ ಉಬ್ಬರದ ವಿಂಬ್ರೆಲ್ ಎಲ್ಲ ಸೊನ್ನೆ. ತಲೆ ಎತ್ತಿ ನೋಡಿರಲಿಲ್ಲ.

ಉಪ್ಪೆಲೆ
ಏಡಿಗುಂಡಿ, ನಿಮ್ಮ ಪಾಲಿನ ಗಿಡಗಳ ವಿಚಾರ ಏನಾಯಿತು? ಹಕ್ಕಿಯವರು ಬಂದರೆ ನಮ್ಮನ್ನು ಯಾರೂ ಕೇಳುವುದಿಲ್ಲ ನೋಡಿ.

ಏಡಿಗುಂಡಿ
ಕೇಳಬೇಕು ಅಂತಲೇ ಇದ್ದೆ ಮೇಡಂ. ನೀರಿನಂಚಿನಿಂದ ಒಳಗಿನ ತನಕ ಮೂರು ಟ್ರಾನ್ಸೆಕ್ಟ್ (ಅಳತೆಗೆ ಎಳೆದ ನೇರ ಗೆರೆ), ಒಂದೊಂದರಲ್ಲಿ 10×10 ಮೀಟರಿನ ಐದು ಪ್ಲಾಟ್. ತೊಂದರೆ ರೈಝೋಫೊರಾ ಎಂಬ ಕಾಂಡ್ಲಾ ಗಿಡದ್ದು. ಎದೆಮಟ್ಟದಲ್ಲಿ, ಅಂದರೆ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕು ಎಂದಿದೆ. ಆ ಎತ್ತರದಲ್ಲಿ ಕಾಂಡವೇ ಇಲ್ಲ! ಜೇಡನ ಕಾಲಿನ ಹಾಗೆ ಹತ್ತು ಬೇರು. ಯಾವುದಕ್ಕೆ ಟೇಪು ಸುತ್ತಲಿ?

ಉಪ್ಪೆಲೆ
ಯಾವ ಬೇರಿಗೂ ಸುತ್ತಬೇಡಿ. ಕಾಂಡದಿಂದ ಹೊರಟ ಬೇರುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ, ಅದರಿಂದ 30 ಸೆಂ.ಮೀ. ಮೇಲೆ ಅಳೆಯಿರಿ. ಅದಕ್ಕಾಗಿ ಬೇರಿನ ಮೇಲೆ ಹತ್ತಬೇಕಾಗುತ್ತದೆ, ಬೇರಿಗೆ ಅಂಟಿದ ಕಪ್ಪೆಚಿಪ್ಪು ಅಂಗೈ ಕೊಯ್ಯುತ್ತದೆ, ಕೈಗವಸು ಹಾಕಿಕೊಳ್ಳಿ. ಅವಿಸೆನ್ನಿಯಾ, ಸೊನ್ನೆರೇಷಿಯಾ ಎಂಬ ಬೇರೆ ಕಾಂಡ್ಲಾ ಗಿಡಗಳಿಗೆ ಮಾಮೂಲಿ 1.3 ಸಾಕು.

ಇಷ್ಟೇನು ರಗಳೆ ಅನ್ನಿಸಬಹುದು. ಮುಂದೆ ಮರದ ತೂಕ, ಇಂಗಾಲ ಎಲ್ಲ ಲೆಕ್ಕ ಹಾಕುತ್ತೀರಲ್ಲ, ಆಗ ಗೊತ್ತಾಗುತ್ತದೆ. ಕೊಮಿಯಾಮಾ ಮತ್ತು ಜೊತೆಗಾರರು 2005ರಲ್ಲಿ ಕೊಟ್ಟ ಸಮೀಕರಣವನ್ನು ಎಲ್ಲರೂ ಬಳಸುತ್ತಾರೆ: ನೆಲದ ಮೇಲಿನ ಒಣತೂಕ = 0.251 × ಮರದ ಸಾಂದ್ರತೆ × ವ್ಯಾಸದ 2.46ನೇ ಘಾತ. ವ್ಯಾಸದಲ್ಲಿ 10% ಜಾಸ್ತಿ ಬರೆದುಕೊಂಡಿರೋ, ತೂಕ 26% ಏರಿ ಕೂರುತ್ತದೆ. ಟೇಪಿನಲ್ಲಿ ಬರುವುದು ಸುತ್ತಳತೆ, 3.14ರಿಂದ ಭಾಗಿಸುವುದನ್ನು ಮರೆಯಬೇಡಿ. ಮರೆತವರನ್ನು ನೋಡಿದ್ದೇನೆ. ಅವರ ಕಾಡಿನಲ್ಲಿ ಮರಗಳೆಲ್ಲ ಆನೆ ಗಾತ್ರ.

ಅಂದ ಹಾಗೆ ಬರೀ "ರೈಝೋಫೊರಾ" ಎಂದು ಬರೆದಿದ್ದೀರಿ. ಅದರಲ್ಲಿ ಯಾವ ಜಾತಿ, ಮ್ಯೂಕ್ರೊನೇಟಾವೋ ಅಪಿಕ್ಯುಲೇಟಾವೋ?

ಏಡಿಗುಂಡಿ
ಎಲೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಉಪ್ಪೆಲೆ
ಹೂ ನೋಡಿ. ಅಪಿಕ್ಯುಲೇಟಾದ್ದು ಗಿಡ್ಡ, ದಪ್ಪ ತೊಟ್ಟಿನ ಮೇಲೆ ಎರಡೇ ಹೂ, ಎಲೆ ಉದುರಿದ ಜಾಗದಲ್ಲಿ ಇರುತ್ತದೆ. ದಳಕ್ಕೆ ರೋಮ ಇಲ್ಲ. ಮ್ಯೂಕ್ರೊನೇಟಾದ್ದು ಉದ್ದ ತೆಳು ತೊಟ್ಟು, ಕವಲೊಡೆದು ಹಲವು ಹೂ, ಎಲೆಯ ಕಂಕುಳಲ್ಲೇ ಜೋತಾಡುತ್ತದೆ. ದಳದ ಅಂಚಿಗೆ ಬಿಳಿ ರೋಮ. ಹೂ ಇಲ್ಲದಿದ್ದರೆ ಮರದಲ್ಲಿರುವಾಗಲೇ ಮೊಳೆತು ಕೆಳಗೆ ಜೋತುಬಿದ್ದ ಮೊಳಕೆಕಾಯಿ ನೋಡಿ, ಮ್ಯೂಕ್ರೊನೇಟಾದ್ದು ತುಂಬಾ ಉದ್ದ.

ಗುಳುಮುಳುಕ
ಎಲೆ ನೆಕ್ಕಿ ನೋಡುವ ಪರೀಕ್ಷೆ ಹೇಳಲೇ ಇಲ್ಲವಲ್ಲ. ಬಿಸಿಲು ಬಂದ ಮೇಲೆ ಅವಿಸೆನ್ನಿಯಾ ಎಲೆಯನ್ನು ಓರೆಯಾಗಿ ಹಿಡಿದರೆ ಸಣ್ಣ ಹರಳು ಮಿಣಮಿಣ ಅನ್ನುತ್ತವೆ. ನಾಲಿಗೆಗೆ ತಾಗಿಸಿದರೆ ಅಪ್ಪಟ ಉಪ್ಪು. ರೈಝೋಫೊರಾ ಎಲೆಯಲ್ಲಿ ಹಾಗಿರುವುದಿಲ್ಲ, ಅದು ಬೇರಿನಲ್ಲೇ ಉಪ್ಪನ್ನು ಬಹುಪಾಲು ತಡೆದುಬಿಡುತ್ತದೆ.

ಕೆಸರುಕಾಲು
ದಯವಿಟ್ಟು ಹೊಸಬರಿಗೆ ನೆಕ್ಕಲು ಹೇಳಬೇಡಿ ಮಾರಾಯ್ರೆ! ಎಕ್ಸೊಕೇರಿಯಾ ಅಗಲೋಚ ಎಂಬ ಪುಣ್ಯಾತ್ಮ ಅದೇ ಕಾಡಿನಲ್ಲಿರುತ್ತಾನೆ.

ನನ್ನದೇ ಕಥೆ. ಪ್ಲಾಟಿನ ಹಗ್ಗ ಕಟ್ಟಲು ಅಡ್ಡ ಬಂದ ಒಂದು ಟೊಂಗೆ ಮುರಿದೆ. ಬೆಳ್ಳಗೆ ಹಾಲು ಬಂತು, ಬೆರಳಿಗೆ ಅಂಟಿತು, ಪ್ಯಾಂಟಿಗೆ ಒರೆಸಿಕೊಂಡೆ. ಹತ್ತು ನಿಮಿಷ ಬಿಟ್ಟು ಬೆವರು ಇಳಿಯಿತೆಂದು ಕಣ್ಣು ಉಜ್ಜಿದೆ. ಮೊದಲು ಸಣ್ಣ ಉರಿ, ಆಮೇಲೆ ಕಣ್ಣು ಬಿಡಲು ಆಗಲೇ ಇಲ್ಲ. ಇದ್ದ ಕುಡಿಯುವ ನೀರನ್ನೆಲ್ಲ ಸುರಿದುಕೊಂಡು, ಗೆಳತಿಯ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಕೆಸರಿನಲ್ಲಿ ಕುರುಡಳ ಹಾಗೆ ವಾಪಸ್ ಬಂದೆ. ಡಾಕ್ಟರ ಹತ್ತಿರ ತೊಳೆಸಿಕೊಂಡ ಮೇಲೂ ಎರಡು ದಿನ ಮಂಜು ಮಂಜು. ಅದನ್ನು ಇಂಗ್ಲಿಷಿನಲ್ಲಿ "ಕಣ್ಣು ಕುರುಡಾಗಿಸುವ ಮರ" ಅಂತಲೇ ಕರೆಯುತ್ತಾರೆಂದು ಆಮೇಲೆ ಗೊತ್ತಾಯಿತು. ಗುರುತು ಹಿಡಿಯದ ಗಿಡ ಮುರಿಯಬೇಡಿ, ನೆಕ್ಕುವುದಂತೂ ಬೇಡವೇ ಬೇಡ.

ಗುಳುಮುಳುಕ
ಒಪ್ಪಿದೆ. ನೆಕ್ಕುವ ಸಲಹೆ ವಾಪಸ್.

ನಿಧಾನಸ್ಥ
ಕೆಸರಿಗೆ ಯಾವ ಚಪ್ಪಲಿ ಒಳ್ಳೆಯದು? ಗಂಭೀರವಾಗಿ ಕೇಳುತ್ತಿದ್ದೇನೆ.

ಕೆಸರುಕಾಲು
ಚಪ್ಪಲಿ ಅಲ್ಲ, ಗಂಬೂಟೂ ಅಲ್ಲ. ಗಂಬೂಟು ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಹೊರಗೆ ಬರುತ್ತದೆ. ಲೇಸ್ ಇರುವ ಹಳೆ ಬಟ್ಟೆ ಶೂ ಬಿಗಿಯಾಗಿ ಕಟ್ಟಿಕೊಳ್ಳಿ. ಹೂತುಹೋದರೆ ಎಳೆಯಬೇಡಿ, ಮಂಡಿ ಊರಿ ಹಿಮ್ಮಡಿ ಮೊದಲು ಎತ್ತಿ. ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರುಬೇರುಗಳ ಮೇಲೆ ಕಾಲಿಡಬೇಡಿ, ಗಿಡಕ್ಕೂ ಕೆಟ್ಟದ್ದು, ನಿಮ್ಮ ಪಾದಕ್ಕೂ.

ಏಡಿಗುಂಡಿ
ತುಂಬಾ ಉಪಕಾರವಾಯಿತು ಎಲ್ಲರಿಂದ. ಇನ್ನೊಂದು ಸಣ್ಣ ವಿಷಯ. ನಾವು ಎಣಿಸಿದ ಆ ಕೆಸರು ಬಯಲಿನಲ್ಲಿ ಮುಂದಿನ ತಿಂಗಳು ಒಂದು ಸಂಸ್ಥೆಯವರು ರೈಝೋಫೊರಾ ನೆಡುತ್ತಾರಂತೆ. ಸಾವಿರಾರು ಮೊಳಕೆಕಾಯಿ ಆಗಲೇ ತಂದಿಟ್ಟಿದ್ದಾರೆ. "ಜಾಗ ಖಾಲಿ ಇದೆ, ಹಕ್ಕಿ ಜಾಸ್ತಿ ಇಲ್ಲ" ಎಂದು ನಮ್ಮ 63ರ ಲೆಕ್ಕವನ್ನೇ ವರದಿಗೆ ಕೇಳಿದ್ದಾರೆ. ಒಳ್ಳೆಯ ಕೆಲಸ ತಾನೇ, ಕೊಡಬಹುದಲ್ಲವಾ?

ಬೆಳ್ಳಕ್ಕಿ_ಬಿಡಿ
ಇದು ಸಣ್ಣ ವಿಷಯವಾ?! ಅದನ್ನು ಕೊನೆಗೆ ಹೇಳುತ್ತೀರಲ್ಲ!

ಟೆಲಿಸ್ಕೋಪ್ ಮಾಮ
ಕೊಡಬೇಡಿ. ಅಂದರೆ 63 ಒಂದನ್ನೇ ಕೊಡಬೇಡಿ.

ಹಸಿರೇ ಉಸಿರು
ಅರ್ಥವಾಗಲಿಲ್ಲ. ಗಿಡ ನೆಡುವುದಕ್ಕೂ ತಕರಾರಾ? ಕಾಂಡ್ಲಾ ಕಾಡು ಅಲೆಯ ಹೊಡೆತ ತಡೆಯುತ್ತದೆ, ಮೀನುಮರಿಗಳಿಗೆ ತೊಟ್ಟಿಲು, ಇಂಗಾಲ ಹಿಡಿದಿಡುತ್ತದೆ. 2011ರಲ್ಲಿ ಡೊನಾಟೊ ತಂಡ ಇಂಡೋ-ಪೆಸಿಫಿಕ್‌ನ 25 ಕಾಂಡ್ಲಾ ಕಾಡು ಅಳೆದು, ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಇದೆ ಎಂದು ತೋರಿಸಿತು. ಬರೀ ಕೆಸರು ಬಿದ್ದಿರುವ ಕಡೆ ಕಾಡಾದರೆ ಯಾರಿಗೆ ನಷ್ಟ?

ಉಪ್ಪೆಲೆ
ನಾನು ಗಿಡದ ಕಡೆಯವಳು, ಆದರೂ ಹೇಳುತ್ತೇನೆ. ನೀವು ಕೊಟ್ಟ ಲೆಕ್ಕ ಸರಿ. ಆದರೆ ಆ ಇಂಗಾಲದ ಹೆಚ್ಚಿನ ಪಾಲು ಇರುವುದು ಮರದಲ್ಲಿ ಅಲ್ಲ, ಹಳೆ ಕಾಡಿನ ಅಡಿಯ ಮಣ್ಣಿನಲ್ಲಿ. ಇವತ್ತು ಚುಚ್ಚಿದ ಕಡ್ಡಿಗೆ ಆ ಲೆಕ್ಕ ಅಂಟಿಸಲು ಬರುವುದಿಲ್ಲ.

ಎರಡನೆಯದು, ಅಲ್ಲಿ ಗಿಡ ಇಲ್ಲ ಎಂದರೆ ಅದಕ್ಕೊಂದು ಕಾರಣ ಇರುತ್ತದೆ. ಪಕ್ಕದಲ್ಲೇ ಕಾಡಿದೆ, ವರ್ಷಾ ವರ್ಷಾ ಮೊಳಕೆಕಾಯಿ ತೇಲಿಕೊಂಡು ಬರುತ್ತವೆ, ಆದರೂ ಬೇರೂರಿಲ್ಲ. ಯಾಕೆ? ಆ ಜಾಗ ತಗ್ಗು. ದಿನದಲ್ಲಿ ಜಾಸ್ತಿ ಹೊತ್ತು ನೀರಲ್ಲಿ ಮುಳುಗಿರುತ್ತದೆ. ಕಾಂಡ್ಲಾ ಸಾಮಾನ್ಯವಾಗಿ ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲಿನ ಪಟ್ಟಿಯ ಗಿಡ. ಫಿಲಿಪ್ಪೀನ್ಸ್‌ನಲ್ಲಿ ವರ್ಷಗಟ್ಟಲೆ ನಡೆದ ನೆಡುವಿಕೆಯನ್ನು ಪ್ರಿಮವೇರಾ, ಎಸ್ಟೆಬಾನ್ 2008ರಲ್ಲಿ ಪರಿಶೀಲಿಸಿದರು. ದೀರ್ಘಕಾಲ ಬದುಕಿದ್ದು 10ರಿಂದ 20% ಮಾತ್ರ. ಅವರು ಕೊಟ್ಟ ಕಾರಣ ಎರಡು: ತಪ್ಪು ಜಾಗ, ತಪ್ಪು ಜಾತಿ. ನೀರಂಚಿಗೆ ತಾನಾಗಿ ಮೊದಲು ಬರುವವು ಅವಿಸೆನ್ನಿಯಾ, ಸೊನ್ನೆರೇಷಿಯಾ. ನೆಡುವವರು ಮಾತ್ರ ರೈಝೋಫೊರಾನೇ ಹಿಡಿಯುತ್ತಾರೆ, ಯಾಕೆಂದರೆ ಉದ್ದ ಕಾಯಿ, ಆರಿಸುವುದು ಸುಲಭ, ಚುಚ್ಚುವುದು ಸುಲಭ, ಫೋಟೋದಲ್ಲಿ ಸಾಲು ಚೆನ್ನಾಗಿ ಕಾಣುತ್ತದೆ.

ಹಸಿರೇ ಉಸಿರು
ಸತ್ತರೆ ಸತ್ತವು. ಪ್ರಯತ್ನ ಮಾಡುವುದರಲ್ಲಿ ತಪ್ಪೇನು?

ಬೆಳ್ಳಕ್ಕಿ_ಬಿಡಿ
ಬದುಕಿದರೆ ಅದಕ್ಕಿಂತ ದೊಡ್ಡ ತಾಪತ್ರಯ ಸಾರ್! ಹವಾಯಿಯಲ್ಲಿ ಮೊದಲು ಕಾಂಡ್ಲಾ ಇರಲೇ ಇಲ್ಲ. 1902ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಕೊಚ್ಚಿಬರುವ ಮಣ್ಣು ತಡೆಯಲು ಕೆಂಪು ಮ್ಯಾಂಗ್ರೋವ್, ಅಂದರೆ ರೈಝೋಫೊರಾ ಮ್ಯಾಂಗಲ್ ತಂದು ನೆಟ್ಟರು. ಅದು ಬದುಕಿತು, ಹಬ್ಬಿತು, ಬೇರೆ ದ್ವೀಪಗಳಿಗೂ ಹೋಯಿತು. ಹವಾಯಿಯ ಮೆಟ್ಟುಗಾಲು ಹಕ್ಕಿ, ಎಂದರೆ ಸ್ಟಿಲ್ಟ್, ಅಳಿವಿನಂಚಿನದು. ಅದಕ್ಕೆ ಬೇಕಿದ್ದ ತೆರೆದ ಕೆಸರು ಮುಚ್ಚಿಹೋಯಿತು. ಈಗ ಅಲ್ಲಿ ಅದನ್ನು ಕಿತ್ತು ಹಾಕಲು ಹೆಣಗುತ್ತಿದ್ದಾರೆ.

ಹಸಿರೇ ಉಸಿರು
ಅಲ್ಲಿ ಅದು ಹೊರಗಿನ ಗಿಡ. ಇವರ ಅಳಿವೆಯಲ್ಲಿ ರೈಝೋಫೊರಾ ಮೊದಲಿನಿಂದಲೂ ಇದೆಯಲ್ಲ. ಹೋಲಿಕೆ ಸರಿಯಿಲ್ಲ.

ಬೆಳ್ಳಕ್ಕಿ_ಬಿಡಿ
ಅದು ನಿಜ, ಆ ಅಂಶ ಬಿಟ್ಟುಕೊಡುತ್ತೇನೆ. ಆದರೆ ಹಕ್ಕಿಗೆ ಗಿಡ ಸ್ವಂತದ್ದೋ ಬಂದದ್ದೋ ಲೆಕ್ಕವಿಲ್ಲ. ಕೆಸರು ತೆರೆದಿದೆಯೋ ಇಲ್ಲವೋ ಅಷ್ಟೇ. ಹಾಂಗ್‌ಕಾಂಗ್‌ನ ಮೈ ಪೋದಲ್ಲಿ ಕೆಸರು ಬಯಲಿಗೆ ನುಗ್ಗಿದ ಕಾಂಡ್ಲಾ ಸಸಿಗಳನ್ನು ಹಕ್ಕಿಗಳಿಗೋಸ್ಕರ ಕೀಳುತ್ತಾರೆ. ಅದೇನು ಗಿಡದ ಮೇಲಿನ ಸಿಟ್ಟಲ್ಲ.

ಮತ್ತೆ "ಬರೀ ಕೆಸರು" ಎಂದಿರಿ. ಒಂದು ಹಿಡಿ ಕೆಸರನ್ನು ಜರಡಿಯಲ್ಲಿ ತೊಳೆದು ನೋಡಿ. ಹುಳು, ಸಣ್ಣ ಚಿಪ್ಪು, ಏಡಿಮರಿ ಕೈತುಂಬ ಸಿಗುತ್ತವೆ. ಮೇಲೆ ಕಂದು ಲೋಳೆಯ ಪದರ ಇರುತ್ತದಲ್ಲ, ವೆಸ್ಟರ್ನ್ ಸ್ಯಾಂಡ್‌ಪೈಪರ್ ಅದನ್ನೂ ನಾಲಿಗೆಯಿಂದ ಬಳಿದು ತಿನ್ನುತ್ತದೆ ಎಂದು 2008ರಲ್ಲಿ ಕುವಾಯೆ ತಂಡ ತೋರಿಸಿತು. ಸಾವಿರಾರು ಕಿಲೋಮೀಟರ್ ಹಾರುವ ಹಕ್ಕಿ ಇಲ್ಲಿ ಮೈತುಂಬಿಕೊಳ್ಳಬೇಕು. 2022ರಲ್ಲಿ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಮರಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿ.ಮೀ. ಎಲ್ಲೂ ಇಳಿಯದೆ 11 ದಿನದಲ್ಲಿ ಹಾರಿತು. ಹೊಟ್ಟೆ ತುಂಬಿಸಿಕೊಂಡದ್ದು ಇಂಥದೇ "ಖಾಲಿ" ಕೆಸರಿನಲ್ಲಿ.

ಹಾವಕ್ಕಿ
ಹಕ್ಕಿಗೂ ಕಾಂಡ್ಲಾಗೂ ಜಗಳ ಎನ್ನುವ ಹಾಗೆ ಮಾತು ಹೋಗುತ್ತಿದೆ. ಬೆಳ್ಳಕ್ಕಿ, ಬಕ, ನೀರುಕಾಗೆ ಗೂಡು ಕಟ್ಟುವುದು ಅದೇ ಮರಗಳಲ್ಲಿ. 1977ರ ಒಂದು ಅಧ್ಯಯನ ನನಗೆ ಇಷ್ಟ. ಫ್ಲಾರಿಡಾದಲ್ಲಿ ಓನಫ್, ಟೀಲ್, ವಲಿಯೇಲಾ ಮಾಡಿದ್ದು. ಹಕ್ಕಿಗಳು ಗೂಡು ಕಟ್ಟುವ ಕಾಂಡ್ಲಾ ದ್ವೀಪದಲ್ಲಿ ಹಿಕ್ಕೆಯ ಗೊಬ್ಬರದಿಂದ ಗಿಡಗಳು ಜೋರಾಗಿ ಬೆಳೆದವು. ಅದರ ಜೊತೆಗೆ ಎಲೆ ತಿನ್ನುವ ಹುಳುಗಳೂ ಜೋರಾದವು!

ಕೆಸರುಕಾಲು
ಗೂಡಿನ ಕೆಳಗಿನ ಪ್ಲಾಟ್ ಯಾರಿಗೆ ಬೀಳುತ್ತದೋ ಅವರು ಟೋಪಿ ಹಾಕಿಕೊಂಡು ಹೋಗಿ. ಅನುಭವದ ಮಾತು.

ಏಡಿಗುಂಡಿ
410 ಎನ್ನುವುದು ದೊಡ್ಡ ಸಂಖ್ಯೆಯಾ? ವರದಿಯಲ್ಲಿ ತೋರಿಸಿದರೆ ಯಾರಾದರೂ ಕೇಳುತ್ತಾರಾ?

ಟೆಲಿಸ್ಕೋಪ್ ಮಾಮ
ಒಟ್ಟು ಸಂಖ್ಯೆ ನೋಡಿ ಎದೆಗುಂದಬೇಡಿ. ಜೌಗುಭೂಮಿಗಳನ್ನು ಉಳಿಸುವ 1971ರ ರಾಮ್ಸರ್ ಒಪ್ಪಂದದ ಮಾನದಂಡಗಳಲ್ಲಿ 20,000 ನೀರಹಕ್ಕಿ ಎಂಬುದೊಂದು. ಅದು ನಿಮಗೆ ಸಿಗಲಿಕ್ಕಿಲ್ಲ. ಆದರೆ ಇನ್ನೊಂದಿದೆ, ಒಂದು ಜಾತಿಯ ಒಟ್ಟು ಸಂಖ್ಯೆಯ 1% ಅಲ್ಲಿ ನಿಯಮಿತವಾಗಿ ಬಂದರೂ ಸಾಕು. ಅಪರೂಪದ ಜಾತಿಯಾದರೆ ಬೆರಳೆಣಿಕೆಯ ಹಕ್ಕಿಗೂ ಬೆಲೆ. ಅದಕ್ಕೇ ಜಾತಿ ಸರಿಯಾಗಿ ಬರೆಯಿರಿ. ನಿಮ್ಮ 38 ಸ್ಯಾಂಡ್ ಪ್ಲವರ್ ಯಾವುವು, ಗ್ರೇಟರಾ ಲೆಸ್ಸರಾ?

ಗುಳುಮುಳುಕ
ಲೆಸ್ಸರ್ ಎಂಬುದು ಈಗ ಒಂದು ಜಾತಿ ಅಲ್ಲ ಮಾಮ. ಸೈಬೀರಿಯನ್, ಟಿಬೆಟನ್ ಎಂದು ಎರಡಾಗಿದೆ. ಅದರಲ್ಲೂ ಟಿಬೆಟನ್ ಹತ್ತಿರದ ಸಂಬಂಧಿ ಗ್ರೇಟರ್‌ಗೆ, ಸೈಬೀರಿಯನ್‌ಗೆ ಅಲ್ಲ.

ಟೆಲಿಸ್ಕೋಪ್ ಮಾಮ
ಚಳಿಗಾಲದ ಪುಕ್ಕದಲ್ಲಿ, ಮುನ್ನೂರು ಮೀಟರ್ ದೂರದಲ್ಲಿ, ಬಿಸಿಲ ಝಳದಲ್ಲಿ ಅದನ್ನು ಯಾರು ಬಿಡಿಸುತ್ತಾರೆ ಕಂದ? "ಸ್ಯಾಂಡ್ ಪ್ಲವರ್, ಜಾತಿ ಗೊತ್ತಿಲ್ಲ" ಎಂದು ಬರೆಯುವುದು ಅವಮಾನ ಅಲ್ಲ.

ಗುಳುಮುಳುಕ
ಫೋಟೋ ಹಾಕಲಿ, ನೋಡೋಣ.

ಉಪ್ಪೆಲೆ
ಪ್ಲವರ್ ಜಗಳ ಬೇರೆ ಕಡೆ ಮಾಡಿಕೊಳ್ಳಿ ಇಬ್ಬರೂ. ಏಡಿಗುಂಡಿ, ನೆಡುವ ದಿನದೊಳಗೆ ಒಂದು ಕೆಲಸ ಮಾಡಿ. ಒಂದೇ ನಕ್ಷೆಯ ಮೇಲೆ ನಿಮ್ಮ ಗಿಡದ ಪ್ಲಾಟುಗಳನ್ನೂ ಗೆಳೆಯನ ಹಕ್ಕಿಗಳನ್ನೂ ಗುರುತು ಹಾಕಿ. ಇಳಿತದಲ್ಲಿ ಯಾವ ತುಂಡಿನಲ್ಲಿ ಎಷ್ಟು ಮೇಯುತ್ತವೆ, ಅವರು ಕಡ್ಡಿ ಚುಚ್ಚುವ ಗೆರೆ ಎಲ್ಲಿ ಬರುತ್ತದೆ, ಎರಡೂ ಒಂದೇ ಹಾಳೆಯಲ್ಲಿ ಕಾಣಬೇಕು. ಜೊತೆಗೆ ಹಿಂದೆ ಕಾಡಿದ್ದು ಹಾಳಾದ ಜಾಗ, ಕಟ್ಟೆ ಕಟ್ಟಿ ನೀರು ನಿಂತುಹೋದ ಜಾಗ ಅಲ್ಲೆಲ್ಲಾದರೂ ಇದೆಯಾ ನೋಡಿ. ಅಲ್ಲಿ ಕಟ್ಟೆ ಒಡೆದು ಉಬ್ಬರ ಒಳಗೆ ಬಿಟ್ಟರೆ ಎಷ್ಟೋ ಸಲ ನೆಡುವ ಅಗತ್ಯವೇ ಬೀಳುವುದಿಲ್ಲ, ಗಿಡ ತಾನೇ ಬರುತ್ತದೆ. ಬೇಡ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ, ಇಲ್ಲಿ ಮಾಡಿ ಎಂದರೆ ಕೇಳಬಹುದು.

ಹಸಿರೇ ಉಸಿರು
ಇದಕ್ಕೆ ನನ್ನದೂ ಒಪ್ಪಿಗೆ. ಮೊದಲೇ ಹೀಗೆ ಹೇಳಿದ್ದರೆ ನಾನು ಅಷ್ಟು ಬರೆಯುತ್ತಿರಲಿಲ್ಲ.

ನಿಧಾನಸ್ಥ
ಬರೆಯುತ್ತಿದ್ದಿರಿ.

ಏಡಿಗುಂಡಿ
ಹನ್ನೆರಡು ದಿನ ಆಯಿತು, ಸುದ್ದಿ ಹೇಳುತ್ತೇನೆ. ಮೂರು ಇಳಿತ, ಎರಡು ಉಬ್ಬರ ಎಣಿಸಿದೆವು. ಕೆಸರನ್ನು ಕೋಲು ನೆಟ್ಟು ಎಂಟು ತುಂಡು ಮಾಡಿದೆವು. ಮೇಯುವ ಹಕ್ಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದ್ದದ್ದು 3 ಮತ್ತು 4ನೇ ತುಂಡಿನಲ್ಲಿ, ನೆಡುವ ಗೆರೆ ಹಾಯುವುದು ಅಲ್ಲೇ. ದಿಬ್ಬದಿಂದ ಆ ಭಾಗ ಕಾಣುವುದೇ ಇಲ್ಲ, ಅದಕ್ಕೇ ನನಗೆ 63 ಸಿಕ್ಕಿದ್ದು. ವಿಂಬ್ರೆಲ್ ಒಂದು ಏಡಿ ಹಿಡಿದು, ಕೊಡವಿ ಕೊಡವಿ ಕಾಲುಗಳನ್ನೆಲ್ಲ ಉದುರಿಸಿ, ನೀರಲ್ಲಿ ಅದ್ದಿ ನುಂಗಿದ್ದನ್ನು ನೋಡಿದೆ. ಗೆಳೆಯನ ಕ್ಷಮೆ ಕೇಳಿದ್ದೂ ಆಯಿತು.

ನಕ್ಷೆ ಕೊಟ್ಟಿದ್ದೇವೆ. ಸಂಸ್ಥೆಯವರು 3, 4 ಬಿಡುತ್ತೇವೆ ಎಂದಿದ್ದಾರೆ, 5ನೇ ತುಂಡು ಬಿಡಲು ತಯಾರಿಲ್ಲ. ಹಿಂದೆ ಹಳೆ ಸಿಗಡಿ ಹೊಂಡ ಒಂದಿದೆ, ಅದನ್ನು ನೋಡಲು ಬರುತ್ತೇವೆ ಎಂದರು. ಮೇಷ್ಟ್ರು ಸರಾಸರಿ ಕೇಳುವುದನ್ನು ಇನ್ನೂ ಬಿಟ್ಟಿಲ್ಲ.

ಉಪ್ಪೆಲೆ
ಹೊಂಡದ ಕಟ್ಟೆ ಒಡೆಯುವ ಮೊದಲು ನೆಲದ ಎತ್ತರ ಅಳೆಯಿರಿ. ಪಕ್ಕದ ಕಾಡಿನ ನೆಲಕ್ಕಿಂತ ತಗ್ಗಿದ್ದರೆ ಬರೀ ಕೆರೆ ಆಗುತ್ತದೆ. ಅಳತೆ ಬಂದ ಮೇಲೆ ಇಲ್ಲೇ ಹಾಕಿ.

ಬೆಳ್ಳಕ್ಕಿ_ಬಿಡಿ
5ನೇ ತುಂಡಿನಲ್ಲಿ ರಾತ್ರಿ ಇಳಿತ ಒಂದು ನೋಡಿಬನ್ನಿ. ಎಷ್ಟೋ ಕೆಸರು ಹಕ್ಕಿಗಳು ರಾತ್ರಿಯೂ ಮೇಯುತ್ತವೆ. ಒಬ್ಬರೇ ಹೋಗಬೇಡಿ, ನೀರು ಹಿಂದಿನಿಂದ ಕಾಲುವೆ ತುಂಬಿಕೊಂಡು ಬರುತ್ತದೆ, ಗೊತ್ತೇ ಆಗುವುದಿಲ್ಲ.

ಗುಳುಮುಳುಕ
ಪ್ಲವರ್ ಫೋಟೋ ಎಲ್ಲಿ?

ಏಡಿಗುಂಡಿ
ಇದೆ. ಮಸುಕಾಗಿದೆ, ಒಂದು ಕಾಲು ಮತ್ತೆ ಅರ್ಧ ಕೊಕ್ಕು ಮಾತ್ರ ಬಂದಿದೆ. ಹಾಕಲಾ?

ನಿಧಾನಸ್ಥ
ಸಿಕ್ಕಿತು ನೋಡಿ, 236ರ ನಂತರದ ಆ ಅರ್ಧ ಹಕ್ಕಿ.